ಲೇಸರ್ ಸೋಂಕಿದ ಕಣ್ಣಿಗೆ ಪೊರೆ ಬಂದಾಗ

ಕುಮಟೆಯ ಸಮೀಪದ ಬಾಡದಿಂದ ಗೃಹಸ್ಥರೊಬ್ಬರು ನಮಗೆ ಬರೆದಿರುವ ಪತ್ರವು ಈ ತಿಂಗಳ ಲೇಖನಕ್ಕೆ ಕಾರಣವಾಗಿದೆ. ಅವರ ಪ್ರಾಯ ಐವತ್ತಾರು. ಮುಂಬಯಿಯಲ್ಲಿ ನೌಕರಿಯಲ್ಲಿದ್ದಾಗ, ೨೦೦೩ನೆಯ ಇಸವಿಯಲ್ಲಿ, ಎರಡು ಕಣ್ಣುಗಳಿಗೂ ಇದ್ದ ಮೈನಸ್ ೬ ನಂಬರಿನ ಕನ್ನಡಕವನ್ನು ಲೇಸರ್ ಚಿಕಿತ್ಸೆಯಿಂದ ಕಳೆದುಕೊಂಡು, ಇಪ್ಪತ್ತು ವರ್ಷ ಬರಿಗಣ್ಣಿನಿಂದಲೇ ಸುಖವಾಗಿ ಕಾಲ ನೂಕಿದರು. ಈಗ ಊರಿಗೆ ಮರಳಿ ತೆಂಗಿನ ತೋಟವನ್ನು ನೋಡಿಕೊಂಡಿರುವ ಅವರ ಬಲಗಣ್ಣಿನಲ್ಲಿ ಪೊರೆ ಬೆಳೆದಿದೆ. ಒಂದು ಆಸ್ಪತ್ರೆಯಲ್ಲಿ ಅಳತೆಮಾಡಿ ೧೮ ನಂಬರಿನ ಕೃತಕ ಮಸೂರವನ್ನು ಹಾಕತಕ್ಕದ್ದೆಂದು ಹೇಳಿದರಂತೆ. ಮತ್ತೊಂದರಲ್ಲಿ ೨೦ ಎಂದರಂತೆ. "ಕಣ್ಣು ಒಂದೇ, ಅಳೆದ ಯಂತ್ರವೂ ಒಂದೇ ಜಾತಿಯದು. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು?" ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ, ಮೊದಲನೆಯ ಆಸ್ಪತ್ರೆಯಲ್ಲಿ ಲೇಸರಿನ ಸಂಗತಿಯನ್ನು ಯಾರೂ ಕೇಳಲಿಲ್ಲವಾಗಿ ತಾವೂ ಹೇಳಲಿಲ್ಲವೆಂದು ಒಂದು ಸಾಲನ್ನು ಸೇರಿಸಿದ್ದಾರೆ.

ಉತ್ತರದ ಬಹುಭಾಗವು ಆ ಒಂದು ಸಾಲಿನಲ್ಲಿಯೇ ಅಡಗಿದೆ. ಯಾರೂ ಸುಳ್ಳು ಹೇಳಿರಲಾರರು. ಆದರೆ ಸಂಗತಿಯು ಒಬ್ಬರದಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯಿಂದ ಮುಂಬಯಿಗೂ ಬೆಂಗಳೂರಿಗೂ ಕೊಲ್ಲಿಯ ದೇಶಗಳಿಗೂ ಹೋದ ತರುಣರಲ್ಲಿ ಅನೇಕರು ಈ ಶತಮಾನದ ಆರಂಭದಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಕನ್ನಡಕದ ಕಾಟವನ್ನು ಲೇಸರಿನಿಂದ ಕಳೆದುಕೊಂಡರು. ಅವರಿಗೆ ಈಗ ಪೊರೆಯ ವಯಸ್ಸು ಬರುತ್ತಿದೆ. ಲೇಸರು ಪೊರೆಯನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಆದರೆ ಹೆಚ್ಚಿನ ಸಮೀಪದೃಷ್ಟಿಯುಳ್ಳವರಿಗೆ, ಎಂದರೆ ಲೇಸರಿಗೆ ಹೋಗುವವರ ಪೈಕಿ ಬಹುಮಂದಿಗೆ, ಪೊರೆಯು ಇತರರಿಗಿಂತ ಸ್ವಲ್ಪ ಮೊದಲೇ ಬರುವುದುಂಟು. ಆದಕಾರಣ ವಿಷಯವನ್ನು ಬುಡದಿಂದಲೇ ತಿಳಿಸುವುದು ಲೇಸೆಂದು ಭಾವಿಸಿದ್ದೇವೆ.

ನಮ್ಮ ಕಣ್ಣಿನಲ್ಲಿ ಬೆಳಕನ್ನು ಬಾಗಿಸುವ ಅಂಗಗಳು ಎರಡು. ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿಕೊಂಡಿರುವ ಪಾರಪಟಲವು ಮೊದಲನೆಯದು. ಅದರ ಹಿಂದೆ, ಕಣ್ಣಪಾಪೆಯ ಒಳಗಡೆ ಇರುವ ಮಸೂರವು ಎರಡನೆಯದು. ಪಾರಪಟಲದ ಬಲವು ಸಾಧಾರಣವಾಗಿ ೪೩-೪೪ ಡಯಾಪ್ಟರ್ ಇರುತ್ತದೆ. ಪೊರೆಯೆಂಬುದು ಎರಡನೆಯದು ಮಬ್ಬಾಗುವ ವ್ಯಾಧಿ. ಮಬ್ಬಾದ ಮಸೂರವನ್ನು ತೆಗೆದುಹಾಕಿದರೆ ಬೆಳಕು ಒಳಗೆ ಬರುತ್ತದೆ, ಆದರೆ ಅದನ್ನು ಕೂಡಿಸುವ ಬಲವು ಹೋಗುತ್ತದೆ. ಆ ಬಲವನ್ನು ಹೊರಗಿನಿಂದ ಒದಗಿಸಬೇಕು.

ನಮ್ಮ ಹಿರಿಯರ ಕಾಲದಲ್ಲಿ ಇದನ್ನು ದಪ್ಪಗಾಜಿನ ಕನ್ನಡಕದಿಂದ ಒದಗಿಸುತ್ತಿದ್ದರು. ಬೀಳಗಿಯಲ್ಲಿ ೧೯೧೬ರಲ್ಲಿ ಜನಿಸಿ ೨೦೦೫ರಲ್ಲಿ ಕಾಲವಾದ ಡಾ|| ಎಂ. ಸಿ. ಮೋದಿಯವರು ಊರೂರು ತಿರುಗಿ, ಶಾಲೆ ಛತ್ರಗಳಲ್ಲಿ ಶಿಬಿರ ಹೂಡಿ, ಲಕ್ಷಗಟ್ಟಲೆ ಬಡವರ ಪೊರೆ ತೆಗೆದುದನ್ನು ಕನ್ನಡಿಗರು ಮರೆತಿಲ್ಲ. ಆ ಶಿಬಿರಗಳಿಂದ ಮನೆಗೆ ಬಂದ ಅಜ್ಜ ಅಜ್ಜಿಯರ ಕಣ್ಣುಗಳು ಕನ್ನಡಕದ ಹಿಂದೆ ಎರಡರಷ್ಟು ದೊಡ್ಡದಾಗಿ ಕಾಣುತ್ತಿದ್ದುದು ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಆ ಪದ್ಧತಿಯಲ್ಲಿ ತೊಡಕುಗಳು ಬಹಳವಿದ್ದುವು. ಆದರೆ ಒಂದು ಅನುಕೂಲವಿತ್ತು. ಕನ್ನಡಕದ ನಂಬರನ್ನು ಶಸ್ತ್ರಕ್ರಿಯೆಯಾದ ಮೇಲೆ, ಗಾಜುಗಳನ್ನು ಒಂದೊಂದಾಗಿ ಹಿಡಿದು ನೋಡಿ, ರೋಗಿಯ ಬಾಯಿಂದಲೇ ಕೇಳಿ ನಿಶ್ಚಯಿಸುತ್ತಿದ್ದರು. ತಪ್ಪಿದರೆ ಗಾಜು ಬದಲಾಯಿಸಿದರಾಯಿತು. ಈಗಲಾದರೋ ಗಾಜು ಕಣ್ಣಿನ ಒಳಗೇ ಹೋಗುತ್ತದೆ. ಅದರ ನಂಬರನ್ನು ಶಸ್ತ್ರಕ್ರಿಯೆಗೆ ಮೊದಲೇ, ಲೆಕ್ಕದಿಂದ ಮಾತ್ರವೇ, ಗೊತ್ತುಮಾಡಬೇಕು.

ಈ ಲೆಕ್ಕವು ಮೊದಲನೆಯ ಸಲವೇ ತಪ್ಪಿತು ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ೧೯೪೯ನೆಯ ಇಸವಿ ನವೆಂಬರ್ ೨೯ರಂದು ಹ್ಯಾರೊಲ್ಡ್ ರಿಡ್ಲಿ ಎಂಬ ವೈದ್ಯರು ೪೫ ವರ್ಷದ ಒಬ್ಬ ಸ್ತ್ರೀಯ ಕಣ್ಣಿನಲ್ಲಿ ಜಗತ್ತಿನ ಮೊದಲ ಕೃತಕ ಮಸೂರವನ್ನಿಟ್ಟರು. ಯುದ್ಧಕಾಲದಲ್ಲಿ ವಿಮಾನದ ಚಾಲಕರ ಕಣ್ಣುಗಳಲ್ಲಿ ಸಿಡಿದು ಸೇರಿಕೊಂಡ ಪರ್‌ಸ್ಪೆಕ್ಸ್ ಎಂಬ ಪಾರದರ್ಶಕ ವಸ್ತುವಿನ ಚೂರುಗಳು ಕಣ್ಣಿಗೆ ಅಷ್ಟಾಗಿ ಉಪದ್ರವ ಕೊಡದಿರುವುದನ್ನು ನೋಡಿ ಅದರಿಂದಲೇ ಮಸೂರವನ್ನು ಮಾಡಿಸಿದ್ದರು. ಅವರು ಆಕಾರವನ್ನು ಸಹಜ ಮಸೂರದಂತೆಯೇ ಇಟ್ಟರು. ಆದರೆ ಪರ್‌ಸ್ಪೆಕ್ಸ್ ಬೆಳಕನ್ನು ಸಹಜ ಮಸೂರಕ್ಕಿಂತ ಹೆಚ್ಚಾಗಿ ಬಾಗಿಸುವ ವಸ್ತುವಾದುದರಿಂದ ಆಕೆಗೆ ತೀವ್ರವಾದ ಸಮೀಪದೃಷ್ಟಿಯುಂಟಾಯಿತು. ಲೆಕ್ಕಕ್ಕೆ ಒಂದು ಸೂತ್ರವನ್ನು ರಷ್ಯಾದ ಫ್ಯೋದೊರೋವ್ ೧೯೬೭ರಲ್ಲಿ ಕೊಟ್ಟರು. ೧೯೮೦ರಲ್ಲಿ ಸ್ಯಾಂಡರ್ಸ್, ರೆಟ್ಸ್‌ಲಾಫ್, ಕ್ರಾಫ್ ಎಂಬ ಮೂವರ ಹೆಸರಿನ ಸೂತ್ರವು ಬಂದಮೇಲೆ ಸಾಮಾನ್ಯ ವೈದ್ಯರಿಗೂ ಇದು ಕೈವಶವಾಯಿತು.

ಆ ಸೂತ್ರವು ಎಷ್ಟು ಸರಳವೆಂದರೆ ಹೈಸ್ಕೂಲಿನ ಹುಡುಗನೂ ಅದನ್ನು ಬಿಡಿಸಬಲ್ಲನು. ಮಸೂರದ ಮಾದರಿಗೆ ತಕ್ಕ ಒಂದು ಸಂಖ್ಯೆ, ೧೧೮.೪ ಎಂದಿಟ್ಟುಕೊಳ್ಳಿ, ಅದರಿಂದ ಕಣ್ಣಿನ ಉದ್ದದ ಎರಡೂವರೆಯಷ್ಟನ್ನು ಕಳೆಯಿರಿ, ಅದರಿಂದ ಪಾರಪಟಲದ ಬಲದ ಹತ್ತರಲ್ಲಿ ಒಂಬತ್ತು ಭಾಗವನ್ನು ಕಳೆಯಿರಿ. ಉಳಿದದ್ದೇ ಮಸೂರದ ನಂಬರು. ಇಂದು ವೈದ್ಯರು ಇದಕ್ಕಿಂತ ಸೂಕ್ಷ್ಮವಾದ ಸೂತ್ರಗಳನ್ನು ಬಳಸುತ್ತಾರೆ. ಆದರೆ ವಿಷಯ ತಿಳಿಯುವುದಕ್ಕೆ ಇದು ಸಾಕು. ಎರಡು ಅಳತೆಗಳು ಸರಿಯಾಗಿದ್ದರೆ ನಂಬರು ಸರಿ. ಉದ್ದವನ್ನು ಬೆಳಕಿನ ಕಿರಣದಿಂದ ಅಳೆಯುವ ಯಂತ್ರಗಳು ೧೯೯೯ರಿಂದೀಚೆಗೆ ಬಂದು ಆ ಅಳತೆಯು ಬಹಳಮಟ್ಟಿಗೆ ನಿಖರವಾಗಿದೆ. ತೊಡಕಿರುವುದು ಪಾರಪಟಲದಲ್ಲಿ.

ಲೇಸರ್ ಚಿಕಿತ್ಸೆಯು ಮಾಡುವುದೇನು? ಮದರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿಯು ೧೯೮೧ರಲ್ಲಿ ತಮ್ಮ ಸಂಗಡಿಗರೊಡನೆ, ಎಕ್ಸೈಮರ್ ಲೇಸರಿನ ಅದೃಶ್ಯ ಕಿರಣವು ಸುತ್ತಲಿನ ಮಾಂಸವನ್ನು ಸುಡದೆ ಕೂದಲಿಗಿಂತ ತೆಳುವಾದ ಪದರಗಳನ್ನು ಕೆತ್ತಬಲ್ಲುದೆಂದು ಕಂಡುಹಿಡಿದರು. ಅವರು ಮೊದಲು ಪರೀಕ್ಷಿಸಿದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ! ಎರಡು ವರ್ಷಗಳೊಳಗೆ ಸ್ಟೀಫನ್ ಟ್ರೋಕೆಲ್ ಎಂಬ ನೇತ್ರವೈದ್ಯರೂ ಅವರೂ ಕೂಡಿ ಅದನ್ನು ಪಾರಪಟಲಕ್ಕೆ ತಿರುಗಿಸಿದರು. ಪಾರಪಟಲದ ದಪ್ಪವು ಸುಮಾರು ಅರ್ಧ ಮಿಲಿಮೀಟರು. ಮೈನಸ್ ೬ ನಂಬರನ್ನು ಕಳೆಯಲು ಅದರ ನಡುಭಾಗದಿಂದ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಕೆತ್ತಿದರೆ ಸಾಕು. ಉಬ್ಬು ಚಪ್ಪಟೆಯಾಗುತ್ತದೆ, ಬಲ ಇಳಿಯುತ್ತದೆ, ಕನ್ನಡಕ ಹೋಗುತ್ತದೆ. ಆದರೆ ಕೆತ್ತಿದ್ದು ಮುಂಭಾಗದಲ್ಲಿ ಮಾತ್ರ. ಹಿಂಭಾಗವು ಇದ್ದಂತೆಯೇ ಇದೆ.

ಇಲ್ಲಿಯೇ ಮೊದಲನೆಯ ಮೋಸ. ಪಾರಪಟಲವನ್ನು ಅಳೆಯುವ ಸಾಮಾನ್ಯ ಯಂತ್ರವು ಅದರ ಮುಂಭಾಗದಲ್ಲಿ ಬಿದ್ದ ಪ್ರತಿಬಿಂಬವನ್ನು ನೋಡಿ ಉಬ್ಬನ್ನು ತಿಳಿಯುತ್ತದೆ. ಹಿಂಭಾಗವು ಅದಕ್ಕೆ ಕಾಣದು. ದೇವರು ಮಾಡಿದ ಕಣ್ಣಿನಲ್ಲಿ ಮುಂದಿನ ಉಬ್ಬಿಗೂ ಹಿಂದಿನ ಉಬ್ಬಿಗೂ ಒಂದು ಗೊತ್ತಾದ ಪ್ರಮಾಣವಿರುವುದರಿಂದ, ೧.೩೩೭೫ ಎಂಬ ಒಂದು ಸಂಖ್ಯೆಯಲ್ಲಿ ಆ ಪ್ರಮಾಣವನ್ನು ಸೇರಿಸಿ ಯಂತ್ರವು ಒಟ್ಟು ಬಲವನ್ನು ಊಹಿಸುತ್ತದೆ. ಲೇಸರು ಮುಂಭಾಗವನ್ನಷ್ಟೇ ಕೆತ್ತಿದುದರಿಂದ ಆ ಪ್ರಮಾಣವು ಕೆಟ್ಟಿದೆ. ಯಂತ್ರಕ್ಕೆ ಅದು ಗೊತ್ತಿಲ್ಲ. ಎರಡನೆಯದಾಗಿ, ಯಂತ್ರವು ಅಳೆಯುವುದು ಸುಮಾರು ಮೂರು ಮಿಲಿಮೀಟರ್ ಅಗಲದ ಒಂದು ಬಳೆಯ ಮೇಲೆ. ಲೇಸರು ಹೆಚ್ಚಾಗಿ ಚಪ್ಪಟೆಮಾಡಿದ ನಟ್ಟನಡುವನ್ನಲ್ಲ. ಎರಡೂ ಸೇರಿ ಪಾರಪಟಲವು ನಿಜವಾಗಿ ಇರುವುದಕ್ಕಿಂತ ಬಲವಾಗಿದೆಯೆಂದು ತೋರುತ್ತದೆ.

ಮೂರನೆಯ ಮೋಸವು ಸೂತ್ರದ ಒಳಗೇ ಇದೆ. ಕೃತಕ ಮಸೂರವು ಕಣ್ಣಿನಲ್ಲಿ ಎಷ್ಟು ಆಳದಲ್ಲಿ ಕುಳಿತುಕೊಳ್ಳುವುದೆಂಬುದನ್ನು ಬಹಳ ಸೂತ್ರಗಳು ಪಾರಪಟಲದ ಉಬ್ಬಿನಿಂದಲೇ ಊಹಿಸುತ್ತವೆ. ನಮ್ಮ ಕರಾವಳಿಯ ಬಡಗಿಯು ದೂರದಿಂದ ಹಂಚಿನ ಮಾಡಿನ ಎತ್ತರವನ್ನು ನೋಡಿಯೇ ಒಳಗಿನ ಜಗಲಿ ನಡುಮನೆಗಳ ಅಗಲವನ್ನು ಹೇಳಿಬಿಡುತ್ತಾನೆ. ಸಾಧಾರಣವಾಗಿ ಸರಿಯಾಗಿರುತ್ತದೆ. ಆದರೆ ಯಾರೋ ನಡುವೆ ಬಂದು ಮಾಡಿನ ಶಿಖರವನ್ನು ತಗ್ಗಿಸಿ ಗೋಡೆಗಳನ್ನು ಹಾಗೆಯೇ ಬಿಟ್ಟಿದ್ದರೆ ಅವನ ಊಹೆ ತಪ್ಪುತ್ತದೆ. ಮನೆಯು ಸಣ್ಣದೆಂದು ಹೇಳಿಬಿಡುತ್ತಾನೆ. ಸೂತ್ರವು ಮಾಡುವುದೂ ಇದನ್ನೇ. ಚಪ್ಪಟೆಯಾದ ಪಾರಪಟಲವನ್ನು ನೋಡಿ, ಮಸೂರವು ಮುಂದಕ್ಕೇ ಕುಳಿತೀತೆಂದು ಭ್ರಮಿಸಿ, ಕಡಿಮೆ ನಂಬರು ಸಾಕೆನ್ನುತ್ತದೆ.

ಬಾಡದವರ ಕಣ್ಣಿನಂಥ ಕಣ್ಣನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಉದ್ದ ೨೬ ಮಿಲಿಮೀಟರು, ಲೇಸರಿಗೆ ಮೊದಲು ಪಾರಪಟಲದ ಬಲ ೪೪ ಎಂದಿಟ್ಟುಕೊಳ್ಳೋಣ. ಕನ್ನಡಕದ ಮೈನಸ್ ೬ ಎಂಬುದು ಪಾರಪಟಲದ ಮೇಲೆ ಸುಮಾರು ೫.೬ಕ್ಕೆ ಸಮ. ಅದನ್ನು ಕಳೆದರೆ ಈಗಿನ ನಿಜವಾದ ಬಲ ೩೮.೪. ಆದರೆ ಯಂತ್ರವು ಒಂದು ಡಯಾಪ್ಟರಿನಷ್ಟು ಹೆಚ್ಚಾಗಿ, ೩೯.೪ ಎಂದು, ತೋರಿಸಬಹುದು. ಮೇಲೆ ಹೇಳಿದ ಸೂತ್ರದಲ್ಲಿ ೩೯.೪ನ್ನು ಹಾಕಿದರೆ ಸುಮಾರು ೧೮ ಬರುತ್ತದೆ, ೩೮.೪ನ್ನು ಹಾಕಿದರೆ ಸುಮಾರು ೧೯. ಇದರ ಮೇಲೆ ಆಳದ ಊಹೆಯ ತಪ್ಪನ್ನೂ ತಿದ್ದಿದರೆ ೨೦ರ ಸಮೀಪಕ್ಕೆ ಹೋಗುತ್ತದೆ. ಹದಿನೆಂಟು ಹೇಳಿದವರೂ ಇಪ್ಪತ್ತು ಹೇಳಿದವರೂ ತಮಗೆ ತಿಳಿಸಲ್ಪಟ್ಟಷ್ಟರ ಮಟ್ಟಿಗೆ ಪ್ರಾಮಾಣಿಕವಾಗಿಯೇ ಲೆಕ್ಕ ಹಾಕಿರಬಹುದೆಂಬುದು ಇದರಿಂದ ವಿದಿತವಾಗುವುದು.

ಎರಡು ನಂಬರಿನ ವ್ಯತ್ಯಾಸದಿಂದ ಏನಾದೀತು? ಒಳಗಿನ ಮಸೂರದಲ್ಲಿ ಒಂದು ಡಯಾಪ್ಟರ್ ತಪ್ಪಿದರೆ ಹೊರಗಿನ ಕನ್ನಡಕದಲ್ಲಿ ಸುಮಾರು ಮುಕ್ಕಾಲಿಗೆ ಸ್ವಲ್ಪ ಕಡಿಮೆ ನಂಬರು ಬರುತ್ತದೆ. ಬೇಕಾದುದಕ್ಕಿಂತ ಎರಡು ಕಡಿಮೆ ಹಾಕಿದರೆ ಒಂದೂ ಕಾಲಿಗೂ ಮೀರಿದ ಪ್ಲಸ್ ನಂಬರು ಉಳಿಯುತ್ತದೆ. ಇದು ಕೆಟ್ಟ ಸ್ಥಿತಿ. ಕೃತಕ ಮಸೂರವು ಎಳೆಯರ ಮಸೂರದಂತೆ ಹಿಗ್ಗಿ ಕುಗ್ಗಲಾರದಾದುದರಿಂದ ಅಂಥವರಿಗೆ ದೂರದ ದೋಣಿಯೂ ಮಸುಕು, ಕೈಯಲ್ಲಿರುವ ಪಂಚಾಂಗವೂ ಮಸುಕು. ಎರಡಕ್ಕೂ ಕನ್ನಡಕ ಬೇಕು. ಅದರ ಬದಲು ಬೇಕಾದುದಕ್ಕಿಂತ ಹೆಚ್ಚು ಹಾಕಿದ್ದರೆ ಅಲ್ಪ ಸಮೀಪದೃಷ್ಟಿ ಉಳಿಯುತ್ತದೆ. ದೂರಕ್ಕೆ ಕನ್ನಡಕ ಬೇಕಾದರೂ ಊಟದ ತಟ್ಟೆ, ಎದುರಿಗೆ ಕುಳಿತವರ ಮುಖ, ಸ್ವಲ್ಪಮಟ್ಟಿಗೆ ಅಕ್ಷರ ಇವು ಬರಿಗಣ್ಣಿಗೆ ಸಿಕ್ಕುತ್ತವೆ. ಸಂದೇಹವಿರುವ ಕಣ್ಣಿನಲ್ಲಿ ಅನುಭವಸ್ಥ ವೈದ್ಯರು ಮೈನಸ್ ಕಡೆಗೆ ತುಸು ವಾಲಿಸುವುದು ಈ ಕಾರಣದಿಂದ. ಲೇಸರಿನಿಂದ ಕನ್ನಡಕ ಕಳೆದುಕೊಂಡವರಿಗೆ ಇದರಲ್ಲಿ ಮನಸ್ತಾಪ ಹೆಚ್ಚು. ಇಪ್ಪತ್ತು ವರ್ಷ ಕನ್ನಡಕವಿಲ್ಲದೆ ಬಾಳಿದವನಿಗೆ ಪುನಃ ಅದನ್ನು ಏರಿಸೆಂದರೆ ಆಗುವ ನಿರಾಶೆಯು ಜನ್ಮವಿಡೀ ಕನ್ನಡಕ ಹಾಕಿದವನಿಗೆ ಆಗದು.

ಪ್ಲಸ್ ನಂಬರನ್ನು ಲೇಸರಿನಿಂದ ತಿದ್ದಿಸಿಕೊಂಡವರಲ್ಲಿ ಇದೆಲ್ಲವೂ ತಿರುಗುಮುರುಗಾಗಿ, ತಪ್ಪು ಮೈನಸ್ ಕಡೆಗೆ ಬೀಳುತ್ತದೆ. ಲೇಸರಿಗೂ ಮೊದಲು ಚಿಕ್ಕ ಚಾಕುವಿನಿಂದ ಪಾರಪಟಲದ ಮೇಲೆ ಚಕ್ರದ ಅರಗಳಂತೆ ಗೀರು ಹಾಕುವ ಪದ್ಧತಿಯೊಂದಿತ್ತು. ಮಸೂರದ ಸೂತ್ರ ಕೊಟ್ಟ ಫ್ಯೋದೊರೋವರೇ ಅದನ್ನೂ ೧೯೭೦ರ ದಶಕದಲ್ಲಿ ಬಳಕೆಗೆ ತಂದವರು. ಒಂದು ಕೈಯಿಂದ ಲೆಕ್ಕವನ್ನು ಕಟ್ಟಿ ಇನ್ನೊಂದು ಕೈಯಿಂದ ಅದನ್ನು ಕೆಡಿಸಿದರೆಂದು ವಿನೋದಕ್ಕೆ ಹೇಳಬಹುದು. ಅಂಥ ಕಣ್ಣು ಬೆಳಿಗ್ಗೆ ಒಂದು ನಂಬರು, ಸಂಜೆ ಒಂದು ನಂಬರು ತೋರಿಸುವುದುಂಟು. ಪೊರೆ ತೆಗೆದ ಮೇಲೆಯೂ ಕೆಲವು ವಾರಗಳವರೆಗೆ ನಂಬರು ನಿಲ್ಲದಿರುವುದರಿಂದ ಅವರು ಅವಸರಪಡಬಾರದು.

ಇನ್ನು ಪರಿಹಾರಕ್ಕೆ ಬರೋಣ. ಹಿಂದೆ, ಲೇಸರಿಗೆ ಮೊದಲಿದ್ದ ಅಳತೆಯಿಂದ ಲೇಸರು ಕಳೆದ ನಂಬರನ್ನು ಕಳೆಯುವ ಕ್ರಮವೇ ಉತ್ತಮವೆಂದು ಭಾವಿಸಿದ್ದರು; ನಾವೂ ಮೇಲಿನ ಲೆಕ್ಕದಲ್ಲಿ ಅದನ್ನೇ ಅನುಸರಿಸಿದೆವು. ಕಾಗದದ ಮೇಲೆ ಅದು ಚೆಲುವಾಗಿದೆ. ಆದರೆ ಹಳೆಯ ಕಾಗದದಲ್ಲಿ ಒಂದು ಡಯಾಪ್ಟರ್ ತಪ್ಪಿದ್ದರೆ ಆ ತಪ್ಪು ಹೆಚ್ಚುಕಡಿಮೆ ಹಾಗೆಯೇ ಹೊಸ ಮಸೂರಕ್ಕೆ ಇಳಿಯುತ್ತದೆ. ಅಲ್ಲದೆ ಬೆಳೆಯುತ್ತಿರುವ ಪೊರೆಯೇ ಮೈನಸ್ ನಂಬರನ್ನು ಹುಟ್ಟಿಸುವುದರಿಂದ, ಅದನ್ನು ಲೇಸರಿನ ಲೆಕ್ಕಕ್ಕೆ ಸೇರಿಸಿದರೆ ಎಲ್ಲವೂ ಕೆಟ್ಟಿತು. ಆದಕಾರಣ ಈಗ ಲೇಸರಾದ ಕಣ್ಣುಗಳಿಗೆಂದೇ ಕಟ್ಟಿದ ಸೂತ್ರಗಳು ಪ್ರಚಾರದಲ್ಲಿವೆ. ಜರ್ಮನಿಯ ಹೈಗಿಸ್ ಅವರ 'ಹೈಗಿಸ್-ಎಲ್', ಆಸ್ಟ್ರೇಲಿಯದ ಬ್ಯಾರೆಟ್ ಅವರ 'ಟ್ರೂ-ಕೆ', ಶಮ್ಮಸ್ ಅವರ ಸೂತ್ರ ಇವು ಮುಖ್ಯವಾದುವು. ಹಳೆಯ ಕಾಗದಗಳಿಲ್ಲದಿದ್ದರೂ ಇವುಗಳಿಂದ ಕೆಲಸ ಸಾಗುತ್ತದೆ. ಪಾರಪಟಲದ ಹಿಂಭಾಗವನ್ನೂ ನೇರವಾಗಿ ಅಳೆಯುವ ಯಂತ್ರಗಳೂ ಬಂದಿವೆ. ಎಚ್ಚರವುಳ್ಳ ವೈದ್ಯರು ಮೂರು ನಾಲ್ಕು ಸೂತ್ರಗಳಿಂದ ಲೆಕ್ಕಮಾಡಿ, ಅವು ಎಲ್ಲಿ ಕೂಡುತ್ತವೆಂದು ನೋಡಿ ನಂಬರನ್ನು ಆರಿಸುತ್ತಾರೆ. ಇಷ್ಟಾದರೂ ಎಂದೂ ಲೇಸರ್ ಸೋಂಕದ ಕಣ್ಣಿನಲ್ಲಿ ದೊರೆಯುವಷ್ಟು ನಿಶ್ಚಯವು ಇಲ್ಲಿ ದೊರೆಯುವುದಿಲ್ಲ. ದೊರೆಯುವುದೆಂದು ಭರವಸೆ ಕೊಡುವವರನ್ನು ನಾವಂತೂ ನಂಬಲಾರೆವು.

ಹೀಗಿರಲು ಮನೆಯವರು ಮಾಡತಕ್ಕದ್ದೇನು? ಎಲ್ಲಕ್ಕೂ ಮೊದಲು, ಕೇಳಲಿ ಬಿಡಲಿ, "ನನಗೆ ಲೇಸರ್ ಆಗಿದೆ" ಎಂದು ಹೇಳಬೇಕು. ಅಳತೆಮಾಡುವ ಸಹಾಯಕನಿಗೂ ಹೇಳಬೇಕು, ಕತ್ತಿ ಹಿಡಿಯುವ ವೈದ್ಯರಿಗೂ ಹೇಳಬೇಕು. ಲೇಸರಿನ ಗುರುತು ಅತಿ ಸೂಕ್ಷ್ಮವಾದುದು; ಜನಸಂದಣಿಯಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು. ಉಚಿತ ಶಿಬಿರಗಳ ಉಪಕಾರವನ್ನು ನಾವು ಯಾವಾಗಲೂ ಕೊಂಡಾಡಿದವರೇ. ಆದರೆ ಲೇಸರಾದ ಕಣ್ಣಿನವರು ಶಿಬಿರದ ಸಾಲಿನಲ್ಲಿ ನಿಲ್ಲುವುದಕ್ಕಿಂತ, ಇಂಥ ಕಣ್ಣುಗಳ ಅಳತೆಗೆ ಬೇಕಾದ ಯಂತ್ರಗಳೂ ಸೂತ್ರಗಳೂ ಉಂಟೆ ಎಂದು ಮೊದಲೇ ವಿಚಾರಿಸಿಕೊಂಡು, ಘಟ್ಟ ಹತ್ತಿ ಹುಬ್ಬಳ್ಳಿಗೋ, ರೈಲು ಹಿಡಿದು ಮಂಗಳೂರು ಮಣಿಪಾಲಗಳ ಕಡೆಗೋ ಹೋಗುವುದು ಮೇಲು.

ಹಳೆಯ ಕಾಗದಗಳಿಗೆ ಮೊದಲಿನ ಪ್ರಾಧಾನ್ಯವಿಲ್ಲವೆಂದೆವಲ್ಲ, ಇಲ್ಲವೇ ಇಲ್ಲವೆಂದಲ್ಲ. ಸಿಕ್ಕಿದರೆ ಒಯ್ಯಿರಿ. ಹಲವು ಸೂತ್ರಗಳು ಅವುಗಳಿಂದ ಇನ್ನಷ್ಟು ಬಿಗಿಯಾಗುತ್ತವೆ. ಕಾಗದವಿಲ್ಲದವರು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಹುಡುಕಲಿ; ಲೇಸರಿಗೆ ಮುಂಚೆ ಹಾಕುತ್ತಿದ್ದ ಕನ್ನಡಕವು ಸಿಕ್ಕಿದರೆ ಅದರ ನಂಬರನ್ನು ಕನ್ನಡಕದ ಅಂಗಡಿಯಲ್ಲಿಯೇ ಒಂದು ನಿಮಿಷದಲ್ಲಿ ಓದಿ ಹೇಳುತ್ತಾರೆ. ಮಗನಿಗೋ ಮಗಳಿಗೋ ಮದುವೆಯ ಮುಂಚೆ ಲೇಸರ್ ಮಾಡಿಸುವ ತಂದೆತಾಯಿಗಳು ಅಂದಿನ ಅಳತೆಯ ಪತ್ರಗಳನ್ನು ಕೇಳಿ ಪಡೆದು, ಜಾತಕ ಮತ್ತು ಜಮೀನಿನ ಪಹಣಿಗಳೊಂದಿಗೆ ಇಟ್ಟುಕೊಳ್ಳಲಿ. ಮೂವತ್ತು ವರ್ಷಗಳ ಮೇಲೆ ಜಾತಕವನ್ನು ಯಾರೂ ಕೇಳಲಿಕ್ಕಿಲ್ಲ.

ಒಣಗಿದ ಕಣ್ಣಿನಲ್ಲಿ ಪಾರಪಟಲದ ಪ್ರತಿಬಿಂಬವು ಮುರಿದು ಕಾಣುವುದರಿಂದ ಅಳತೆಯೇ ಕೆಡುತ್ತದೆ. ಲೇಸರಾದವರಲ್ಲಿ ಕಣ್ಣು ಒಣಗುವುದು ಬಹಳ. ಆದಕಾರಣ ವೈದ್ಯರು ಕೆಲವು ವಾರ ಹನಿ ಹಾಕಿಕೊಂಡು ಬರಲು ಹೇಳಿದರೆ, ದಿನ ದೂಡುತ್ತಿದ್ದಾರೆಂದು ತಿಳಿಯಬಾರದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅಳತೆಗೆ ಮೊದಲು ಅದನ್ನು ವೈದ್ಯರು ಹೇಳಿದಷ್ಟು ದಿನ ಬಿಡತಕ್ಕದ್ದು.

ಯಾವ ದೂರಕ್ಕೆ ಕಣ್ಣು ತೀಡಬೇಕೆಂಬುದನ್ನು ರೋಗಿಯೇ ಹೇಳಬೇಕು, ವೈದ್ಯರು ಊಹಿಸಲಾರರು. ಕಡಲಿಗೆ ಹೋಗುವವನಿಗೆ ದೂರದ ದೀಪ ಕಾಣಬೇಕು. ದಂಡೆಯಲ್ಲಿ ಕುಳಿತು ಬಲೆ ನೇಯುವ ಅವನ ತಂದೆಗೆ ಮೊಳದ ದೂರ ಸಾಕು. ಅಕ್ಕಿಯಲ್ಲಿ ಕಲ್ಲು ಆರಿಸುವ, ರಾತ್ರಿ ಪುಸ್ತಕ ಓದುವ ಗೃಹಿಣಿಯ ಅವಶ್ಯಕತೆಯೇ ಬೇರೆ. ಮನೆಯ ಹೆಂಗಸರ ಕಣ್ಣಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆಯೆಂಬುದು ನಮಗೆ ಖೇದವನ್ನುಂಟುಮಾಡಿದೆ. ದೂರ ಹತ್ತಿರಗಳೆರಡನ್ನೂ ಒಮ್ಮೆಗೇ ಕೊಡುವ ಬಹುಕೇಂದ್ರದ ಮಸೂರಗಳ ಜಾಹೀರಾತು ಎಲ್ಲೆಲ್ಲಿಯೂ ಕಾಣುತ್ತದೆ. ಅವು ಬರುವ ಬೆಳಕನ್ನು ಹಂಚಿಕೊಡುವುದರಿಂದ ಮಬ್ಬುಗತ್ತಲಲ್ಲಿ ಕಾಣುವ ಶಕ್ತಿ ಕುಗ್ಗುತ್ತದೆ. ದೀಪಗಳ ಸುತ್ತ ಪ್ರಭಾವಳಿಯೂ ಕಾಣಬಹುದು. ಲೇಸರಾದ ಪಾರಪಟಲವು ಈ ದೋಷಗಳನ್ನು ಮೊದಲೇ ಅಷ್ಟಿಷ್ಟು ಹೊಂದಿರುತ್ತದೆ. ಒಂದರ ಮೇಲೆ ಇನ್ನೊಂದು ಬೇಡವೆಂದು, ಒಂದೇ ದೂರದ ಸಾದಾ ಮಸೂರವನ್ನೇ ಬಹುಮಂದಿಗೆ ಸೂಚಿಸುತ್ತಾರೆ. ನಮಗೂ ಅದೇ ಸರಿಯೆಂದು ತೋರುತ್ತದೆ.

ನಂಬರು ತಪ್ಪಿದರೆ ಕಣ್ಣು ಹೋಯಿತೆಂದು ಎದೆಗುಂದಬೇಕಾದುದಿಲ್ಲ. ಕನ್ನಡಕವೇ ಸುಲಭೋಪಾಯ. ಅದು ಬೇಡವೆನ್ನುವವರಿಗೆ, ಪಾರಪಟಲದ ದಪ್ಪ ಉಳಿದಿದ್ದರೆ, ಮತ್ತೆ ಲೇಸರಿನಿಂದ ತುಸು ತೀಡಬಹುದು. ಇದ್ದ ಮಸೂರದ ಮುಂದೆ ತೆಳುವಾದ ಇನ್ನೊಂದನ್ನು ಇಡಬಹುದು. ಅಥವಾ ಮಸೂರವನ್ನೇ ಬದಲಾಯಿಸಬಹುದು. ಬದಲಾಯಿಸುವುದಾದರೆ ಅದು ಒಳಗೆ ಅಂಟಿಕೊಳ್ಳುವ ಮೊದಲು, ಆರಂಭದ ವಾರಗಳಲ್ಲಿಯೇ, ಹೆಚ್ಚು ಸುಲಭ. ಕಣ್ಣಿನಲ್ಲಿ ಇಟ್ಟಮೇಲೆ ವಿಶೇಷ ಬೆಳಕು ಹಾಯಿಸಿ ನಂಬರನ್ನು ತಿದ್ದಬಹುದಾದ ಮಸೂರವೊಂದಕ್ಕೆ ಅಮೆರಿಕದಲ್ಲಿ ೨೦೧೭ರಲ್ಲಿ ಸರಕಾರದ ಅನುಮತಿ ದೊರೆತಿದೆ. ಅಜ್ಜಂದಿರ ಕಾಲದಂತೆ, ರೋಗಿಯನ್ನು ಕೇಳಿ ನಂಬರು ನಿಶ್ಚಯಿಸುವ ಕ್ರಮವು ಹೀಗೆ ಬೇರೊಂದು ದಾರಿಯಿಂದ ಹಿಂದಿರುಗಿದೆ.

ಬಾಡದ ಮಹಾಶಯರಿಗೆ ನಮ್ಮ ಸೂಚನೆಯು ಇಷ್ಟೇ. ಮೊದಲನೆಯ ಆಸ್ಪತ್ರೆಗೆ ಹೋಗಿ ಲೇಸರಿನ ಸಂಗತಿ ತಿಳಿಸಿರಿ. ಅವರ ನಂಬರು ಬದಲಾಗಬಹುದು. ಎರಡನೆಯವರನ್ನು ಯಾವ ಯಾವ ಸೂತ್ರಗಳಿಂದ ೨೦ ಬಂತೆಂದು ಕೇಳಿರಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಬಲಗಣ್ಣಿನ ಶಸ್ತ್ರಕ್ರಿಯೆಯಾಗಿ ನಂಬರು ನಿಂತ ಮೇಲೆ, ಲೆಕ್ಕವು ಎಷ್ಟು ತಪ್ಪಿತು, ಯಾವ ಕಡೆಗೆ ತಪ್ಪಿತು ಎಂಬುದನ್ನು ಬರೆಸಿಟ್ಟುಕೊಳ್ಳಿರಿ. ಎರಡು ಕಣ್ಣುಗಳಿಗೂ ಒಂದೇ ದಿನ ಒಂದೇ ಲೇಸರು ಆಗಿರುವುದರಿಂದ ಎಡಗಣ್ಣಿನ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಯಿಲ್ಲ. ಎರಡನ್ನೂ ಬೆನ್ನುಬೆನ್ನಿಗೆ ಮುಗಿಸಿಬಿಡುವ ಅವಸರ ಬೇಡ.

ಇದೇ ಸಂಬಂಧದಲ್ಲಿ ಇನ್ನೊಂದು ಮಾತು. ಲೇಸರಿನಿಂದ ತೆಳುವಾದ ಪಾರಪಟಲದ ಮೇಲೆ ಕಣ್ಣಿನ ಒತ್ತಡವನ್ನು ಅಳೆದರೆ ಅದು ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಗ್ಲೂಕೋಮ ಎಂಬ ಒತ್ತಡದ ವ್ಯಾಧಿಯು ಮನೆತನದಲ್ಲಿರುವವರು ಒತ್ತಡವನ್ನು ಪರೀಕ್ಷಿಸಿಕೊಳ್ಳುವಾಗಲೂ ಲೇಸರಿನ ಸಂಗತಿಯನ್ನು ಹೇಳತಕ್ಕದ್ದು. ಈ ವಿಷಯವಾಗಿ ಹೊನ್ನಾವರದಿಂದ ಬಂದಿರುವ ಪತ್ರಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುವೆವು.